ತುಟಿ ನೋಡಿ ನಗಿಸಿದ ಬಾಲಣ್ಣ

ಬೋಧನಾಭ್ಯಾಸಕ್ಕೆಂದು ನಮ್ಮ ಎಂಟು ಜನರ ತಂಡವನ್ನು ಹಳಿಯಾಳ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹಾಕಿದ್ದರು. ರಾಜ್ಯೋತ್ಸವದ ವಾರದಲ್ಲಿ ದಿನಕ್ಕೊಬ್ಬ ಪ್ರಶಿಕ್ಷಣಾರ್ಥಿ ಪ್ರಾರ್ಥನೆಯ ನಂತರ ಐದು ನಿಮಿಷ ನಾಡಿನ ಒಬ್ಬ ಹಿರಿಯರ ಪರಿಚಯ ಮಾಡಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದರು. ಕುವೆಂಪು, ಬೇಂದ್ರೆ, ವಿಶ್ವೇಶ್ವರಯ್ಯ ಮೊದಲೇ ಬೇರೆಯವರ ಪಾಲಾಗಿದ್ದರು. ನನಗೆ ಉಳಿದದ್ದು ನವೆಂಬರ್ 2. ಆ ದಿನ ಹುಟ್ಟಿದವರಲ್ಲಿ ನಮ್ಮ ಮನೆಯವರಿಗೆಲ್ಲ ಗೊತ್ತಿರುವ ಒಂದು ಹೆಸರಿತ್ತು. ಟಿ.ಎನ್. ಬಾಲಕೃಷ್ಣ, ಜನರ ಬಾಯಲ್ಲಿ ಬಾಲಣ್ಣ. ಹಾಸ್ಯನಟನ ಪರಿಚಯ ಪ್ರಾರ್ಥನಾ ಸಭೆಗೆ ಒಪ್ಪುತ್ತದೆಯೇ ಎಂದು ಗೆಳೆಯರು ಕೇಳಿದರು. ಅವರನ್ನೇ ಆರಿಸಿಕೊಳ್ಳಲು ನನಗೆ ಒಂದು ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ದಾಂಡೇಲಿಯ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಟಿವಿಯಲ್ಲಿ ಹಳೆಯ ಸಿನಿಮಾ ಬಂತೆಂದರೆ ಅಜ್ಜ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ವಯಸ್ಸಿಗೆ ತಕ್ಕಂತೆ ಅವರ ಕಿವಿ ಮಂದವಾಗಿತ್ತು. ಸದ್ದು ಏರಿಸಿದರೆ ಅಜ್ಜಿ ಬಯ್ಯುತ್ತಿದ್ದರು. ಹೀಗಾಗಿ ಅಜ್ಜ ಸಿನಿಮಾವನ್ನು ಕೇಳುವುದಕ್ಕಿಂತ ನೋಡುವುದೇ ಹೆಚ್ಚು. ಆದರೂ ಬಾಲಣ್ಣ ಬಂದಾಗ ನಗಬೇಕಾದ ಜಾಗದಲ್ಲಿ ಸರಿಯಾಗಿ ನಗುತ್ತಿದ್ದರು. ಹುಬ್ಬು, ಕಣ್ಣು, ಸೊಟ್ಟ ಮಾಡಿದ ಬಾಯಿ, ಹೆಗಲ ಮೇಲಿನ ಟವೆಲ್ಲು, ಎಲ್ಲವೂ ಮಾತಿನ ಕೆಲಸ ಮಾಡುತ್ತಿದ್ದವು. ಪರದೆಯ ಮೇಲಿನ ಆ ಮನುಷ್ಯನಿಗೂ ಕಿವಿ ಕೇಳುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಅಜ್ಜ ಹೋದ ಮೇಲೆ.

ಬಾಲಣ್ಣ ಹಾಸನ ಜಿಲ್ಲೆಯ ಅರಸೀಕೆರೆಯವರು. ನಮ್ಮ ಕಡೆಯವರು ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲು ಹತ್ತಿದರೆ ದಾರಿಯಲ್ಲಿ ಅರಸೀಕೆರೆ, ಆಮೇಲೆ ತಿಪಟೂರು, ಆಮೇಲೆ ಗುಬ್ಬಿ ಸಿಗುತ್ತವೆ. ರಾತ್ರಿ ರೈಲಿನಲ್ಲಿ ನಿದ್ದೆ ಹೋದವರಿಗೆ ಈ ಮೂರೂ ಊರು ಕಾಣುವುದಿಲ್ಲ. ಬಾಲಕೃಷ್ಣ ಅರಸೀಕೆರೆಯವರಾದರೆ ನರಸಿಂಹರಾಜು ತಿಪಟೂರಿನವರು, ನಾಟಕ ಕಂಪನಿ ಕಟ್ಟಿದ ವೀರಣ್ಣ ಗುಬ್ಬಿಯವರು. ಕನ್ನಡಿಗರ ನಗುವಿನ ಒಂದು ದೊಡ್ಡ ಪಾಲು ಈ ಒಂದೇ ರೈಲು ಹಳಿಯ ಮೇಲಿದೆ.

ಮನೆಯಲ್ಲಿ ತೀರಾ ಬಡತನ. ಕಾಯಿಲೆ ಬಿದ್ದ ಗಂಡನ ಔಷಧಿಗೆ ದಾರಿ ಕಾಣದೆ ತಾಯಿ ಮಗುವನ್ನು ಎಂಟು ರೂಪಾಯಿಗೆ ಬೇರೆಯವರ ಮಡಿಲಿಗೆ ಹಾಕಿದರು ಎಂಬ ಮಾತು ಬಾಲಣ್ಣನ ಬದುಕಿನ ಬಗ್ಗೆ ಪ್ರಚಲಿತವಾಗಿದೆ. ಈ ಎಂಟು ರೂಪಾಯಿಯ ಕಥೆಯನ್ನು ಸಭೆಯಲ್ಲಿ ಮಕ್ಕಳ ಮುಂದೆ ನಾನು ಹೇಳಲಿಲ್ಲ. ಅಲ್ಲಿ ಕೂತವರಲ್ಲಿ ಅಜ್ಜಿಯ ಮನೆಯಲ್ಲಿ, ಹಾಸ್ಟೆಲ್ಲಿನಲ್ಲಿ ಬೆಳೆಯುವವರು ಹಲವರಿದ್ದರು.

ಕೇಳುವ ಶಕ್ತಿ ಹೋದದ್ದು ಎಳೆಯ ವಯಸ್ಸಿನಲ್ಲಿ. ಕಿವಿ ಕೇಳದ ಬಡ ಹುಡುಗನಿಗೆ ಆ ಕಾಲದಲ್ಲಿ ಶಾಲೆ ದೂರದ ಮಾತು. ಆತ ಸೇರಿದ್ದು ನಾಟಕದ ಲೋಕವನ್ನು. ಬೋರ್ಡು ಬರೆಯುವುದು, ಬಣ್ಣ ಹಚ್ಚುವುದು, ಸಿಕ್ಕ ಸಣ್ಣ ವೇಷ ಹಾಕುವುದು, ಹೀಗೆ ಕೈಗೆ ಬಂದ ಕೆಲಸವನ್ನೆಲ್ಲ ಮಾಡಿದರು. ಮುಂಡಗೋಡ, ಹಳಿಯಾಳದ ಜಾತ್ರೆಗಳಲ್ಲಿ ಕಂಪನಿ ನಾಟಕ ನೋಡಿದವರಿಗೆ ಗೊತ್ತಿರುತ್ತದೆ, ರಂಗದ ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಒಬ್ಬ ನಿಂತಿರುತ್ತಾನೆ. ನಟ ಮಾತು ಮರೆತರೆ ಅವನು ಮೆಲ್ಲಗೆ ಎತ್ತಿಕೊಡುತ್ತಾನೆ. ಹಾಡು ಶುರು ಮಾಡಲು ಹಾರ್ಮೋನಿಯಂ ಸ್ವರ ಕೊಡುತ್ತದೆ. ಮಾತಿನ ಪೆಟ್ಟು ತಾಗಿತೋ ಇಲ್ಲವೋ ಎಂಬುದನ್ನು ಪ್ರೇಕ್ಷಕರ ನಗುವಿನ ಸದ್ದು ತಿಳಿಸುತ್ತದೆ. ಈ ಮೂರೂ ಆಸರೆಗಳು ಕಿವಿಯ ಮೂಲಕ ಬರುವಂಥವು. ಕಿವಿ ಕೇಳದ ನಟ ತನ್ನ ಮಾತಿನ ಜೊತೆಗೆ ಎದುರಿನವನ ಮಾತನ್ನೂ ಬಾಯಿಪಾಠ ಮಾಡಿಕೊಂಡು ರಂಗಕ್ಕೆ ಹೋಗಬೇಕು. ಎದುರಿನವನು ಒಂದು ಸಾಲು ಹಾರಿಸಿದರೆ ಅದು ಅವನ ಮುಖದಲ್ಲೇ ಗೊತ್ತಾಗಬೇಕು.

ಬಾಲಣ್ಣ ಇದನ್ನೇ ಕಲಿತರು. ಎದುರಿಗಿದ್ದವರ ತುಟಿಯ ಚಲನೆ ನೋಡಿ ಮಾತನ್ನು ಹಿಡಿಯುತ್ತಿದ್ದರು. 1943ರ ರಾಧಾರಮಣ ಚಿತ್ರದ ಮೂಲಕ ಸಿನಿಮಾಕ್ಕೆ ಬಂದರು. ಅಲ್ಲಿಂದ ಐದು ದಶಕ, 500ಕ್ಕೂ ಹೆಚ್ಚು ಚಿತ್ರಗಳು. ಅವುಗಳಲ್ಲಿ ನಾನು ನೋಡಿರುವುದು ಇಪ್ಪತ್ತೋ ಇಪ್ಪತ್ತೈದೋ ಇರಬಹುದು. ಆ ಇಪ್ಪತ್ತರಲ್ಲಿ ಎಲ್ಲಿಯೂ ಈ ಮನುಷ್ಯನಿಗೆ ಕೇಳಿಸುತ್ತಿಲ್ಲ ಎಂದು ನನಗೆ ಅನಿಸಿಲ್ಲ. ಗೊತ್ತಾದ ಮೇಲೆ ಬೇಕೆಂದೇ ಹುಡುಕಿ ನೋಡಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ತನ್ನ ಮಾತಿನ ಸರದಿ ಬರುವ ತನಕ ಅವರ ಕಣ್ಣು ಎದುರಿನವರ ಮುಖವನ್ನು ಬಿಡುವುದಿಲ್ಲ. ಅವರ ಹಾಸ್ಯದ ಗುಟ್ಟೂ ಅಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಎದುರಿನವನು ಹೇಳುವ ಸುಳ್ಳನ್ನು, ಬಡಾಯಿಯನ್ನು ಆ ಕಣ್ಣುಗಳು ಮೊದಲು ಅಳೆಯುತ್ತವೆ, ಉತ್ತರ ಆಮೇಲೆ ಬರುತ್ತದೆ. ಆ ನಡುವಿನ ಒಂದು ಕ್ಷಣದಲ್ಲೇ ನಾವು ನಕ್ಕಿರುತ್ತೇವೆ.

ಅವರ ದನಿಯ ಬಗ್ಗೆಯೂ ಒಂದು ಮಾತು. ನಾವು ಮಾತಾಡುವಾಗ ನಮ್ಮ ದನಿ ನಮ್ಮ ಕಿವಿಗೂ ಬೀಳುತ್ತದೆ. ಏರಿದ್ದನ್ನು ಇಳಿಸುವುದು, ಇಳಿದದ್ದನ್ನು ಏರಿಸುವುದು ನಮಗೆ ಅರಿವಿಲ್ಲದೆಯೇ ನಡೆಯುತ್ತದೆ. ಆ ಕಾವಲು ಇಲ್ಲದ ನಟ ದನಿಯನ್ನು ಗಂಟಲಿನ, ಎದೆಯ ಕಂಪನದಿಂದಲೇ ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಬಾಲಣ್ಣನ ಆ ಎಳೆದು ಎಳೆದು ಆಡುವ, ಕೊನೆಯಲ್ಲಿ ಕೊಂಕಿ ಏಳುವ ಮಾತಿನ ಶೈಲಿ ಇದರಿಂದಲೇ ಬಂದಿರಬಹುದೇ ಎಂಬುದು ವಿಜ್ಞಾನದ ವಿದ್ಯಾರ್ಥಿಯಾಗಿ ನನ್ನ ಊಹೆ ಮಾತ್ರ. ಆದರೆ ಆ ಶೈಲಿಯನ್ನು ಅನುಕರಿಸದ ಮಿಮಿಕ್ರಿ ಕಲಾವಿದ ಕನ್ನಡದಲ್ಲಿ ಅಪರೂಪ.

ಈಗ ಆ ಕಾರಣಕ್ಕೆ ಬರುತ್ತೇನೆ. ಒಂಬತ್ತನೇ ತರಗತಿಗೆ ನನ್ನ ಪಾಠಯೋಜನೆ ಶಬ್ದದ ಅಧ್ಯಾಯದ ಮೇಲಿತ್ತು. ಮನುಷ್ಯನ ಕಿವಿ 20 ಹರ್ಟ್ಸ್‌ನಿಂದ 20000 ಹರ್ಟ್ಸ್‌ವರೆಗೆ ಕೇಳುತ್ತದೆ ಎಂದು ಬರೆದು, ಹಿಂದಿನ ಬೆಂಚಿನ ಒಬ್ಬ ಹುಡುಗನಿಗೆ ಪ್ರಶ್ನೆ ಕೇಳಿದೆ. ಆತ ಎದ್ದು ನಿಂತ. ಮೂರು ಸಲ ಕೇಳಿದ ಮೇಲೆ ಸಂಬಂಧವೇ ಇಲ್ಲದ ಉತ್ತರ ಕೊಟ್ಟ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅವನೂ ಎಲ್ಲರ ಮುಖ ನೋಡಿ, ಸ್ವಲ್ಪ ತಡವಾಗಿ ನಕ್ಕ. ಮನೆಮಾತು ಮರಾಠಿ ಇರಬೇಕು, ಕನ್ನಡ ಸಾಲದು ಎಂದು ನನ್ನ ದಿನಚರಿಯಲ್ಲಿ ಬರೆದುಕೊಂಡೆ. ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಇದು ತೀರಾ ಸುಲಭದ ವಿವರಣೆ. ಹಳಿಯಾಳದಲ್ಲಿ ಮರಾಠಿ, ಜೋಯಿಡಾದ ಕುಣಬಿ ಮನೆಗಳಲ್ಲಿ ಕೊಂಕಣಿ, ಗೌಳಿಗರ ದಡ್ಡಿಗಳಲ್ಲಿ ಅವರದೇ ಮಾತು. ಮಗು ಉತ್ತರ ಕೊಡದಿದ್ದರೆ ಭಾಷೆಯ ತೊಂದರೆ ಎಂದು ಬರೆದು ಮುಗಿಸುತ್ತೇವೆ. ಎರಡು ದಿನದ ನಂತರ ಬಿಸಿಯೂಟದ ಸಾಲಿನಲ್ಲಿ ಅವನ ತಂಗಿ ಅವನನ್ನು ಕರೆಯುವ ರೀತಿ ನೋಡಿದೆ. ಅವಳು ಕೂಗಲಿಲ್ಲ. ಎದುರಿಗೆ ಹೋಗಿ, ಭುಜ ಮುಟ್ಟಿ, ಮುಖ ತನ್ನ ಕಡೆ ತಿರುಗಿಸಿಕೊಂಡು ಮರಾಠಿಯಲ್ಲಿ ಮಾತಾಡಿದಳು. ಅವನಿಗೆ ಮರಾಠಿಯೂ ಕೇಳಿಸುತ್ತಿರಲಿಲ್ಲ.

ಸಮನ್ವಯ ಶಿಕ್ಷಣದ ಪತ್ರಿಕೆಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ನಾನು ಓದಿದ್ದೆ. ಎಷ್ಟು ಡೆಸಿಬಲ್ ನಷ್ಟವಾದರೆ ಏನೆಂದು ಕರೆಯಬೇಕೆಂಬುದನ್ನು ಬರೆದು ಅಂಕವನ್ನೂ ಪಡೆದಿದ್ದೆ. ಬೆಂಚಿನ ಮೇಲೆ ಕೂತಿದ್ದ ಹುಡುಗ ಮಾತ್ರ ನನಗೆ ಕಂಡಿರಲಿಲ್ಲ. ಜಾತ್ರೆಯ ನಾಟಕಗಳಲ್ಲಿ ಕಿವುಡನ ಪಾತ್ರವೊಂದು ಬಂದು, ಹೇಳಿದ್ದನ್ನು ಬೇರೆಯಾಗಿ ತಿಳಿದು ಉತ್ತರ ಕೊಟ್ಟರೆ ಜನ ಬಿದ್ದು ಬಿದ್ದು ನಗುತ್ತಾರೆ. ನಾನು ತರಗತಿಯಲ್ಲಿ ನಕ್ಕದ್ದು ಆ ನಗುವನ್ನೇ. ಬಾಲಣ್ಣನ ಚಿತ್ರಗಳಲ್ಲಿ ನಾನು ನಕ್ಕದ್ದು ಅದಕ್ಕಲ್ಲ. ಅಲ್ಲಿ ಅವರು ಎದುರಿನವರಿಗಿಂತ ಸದಾ ಒಂದು ಹೆಜ್ಜೆ ಮುಂದೆ ಇರುತ್ತಿದ್ದರು.

ಮತ್ತೆ ಬಾಲಣ್ಣನ ಕಡೆಗೆ. ಆಗ ಕನ್ನಡ ಚಿತ್ರಗಳ ಕೆಲಸವೆಲ್ಲ ಹೆಚ್ಚಾಗಿ ಮದರಾಸಿನ ಸ್ಟುಡಿಯೊಗಳಲ್ಲಿ. ವರ್ಷಕ್ಕೆ ಬರುತ್ತಿದ್ದ ಚಿತ್ರಗಳೂ ಬೆರಳೆಣಿಕೆಯಷ್ಟು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ನಾಲ್ವರೂ ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರು ತಿರುಗಿ ನಾಟಕ ಆಡಿದರು. 1960ರಲ್ಲಿ ಸಂಘದ ಹೆಸರಿನಲ್ಲೇ ರಣಧೀರ ಕಂಠೀರವ ಚಿತ್ರ ತಯಾರಿಸಿದರು. ನಟರೇ ನಿರ್ಮಾಪಕರಾಗಿ, ಒಬ್ಬ ಸಾಹುಕಾರನ ಮುಖ ನೋಡದೆ ಕನ್ನಡ ದೊರೆಯೊಬ್ಬನ ಕಥೆಯನ್ನು ತೆರೆಗೆ ತಂದದ್ದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ.

ಬಾಲಣ್ಣನನ್ನು ಬರೀ ಹಾಸ್ಯನಟ ಎನ್ನುವುದು ಅರ್ಧ ಸತ್ಯ. ಅವರು ಕೇಡಿಗನೂ ಹೌದು, ಕರುಳಿನ ಮನುಷ್ಯನೂ ಹೌದು. 1972ರ ಬಂಗಾರದ ಮನುಷ್ಯದಲ್ಲಿ ರಾಜೀವನ ಬೆನ್ನಿಗೆ ನಿಲ್ಲುವ ರಾಚೂಟಪ್ಪ ಅವರೇ. ಬೆಂಗಳೂರಿನಲ್ಲಿ ಎರಡು ವರ್ಷ ಓಡಿದ ಆ ಚಿತ್ರದಲ್ಲಿ ರಾಜ್‌ಕುಮಾರ್ ಅವರ ನಂತರ ಹಳ್ಳಿಯವರ ಮನಸ್ಸಿನಲ್ಲಿ ಉಳಿದದ್ದು ಆ ಮುದುಕನೇ ಎಂದು ಅಜ್ಜ ವಾದಿಸುತ್ತಿದ್ದರು. ಮರುವರ್ಷದ ಗಂಧದ ಗುಡಿಯಲ್ಲಿ ಕಾಡಿನ ಸಂಪತ್ತಿಗೆ ಕಣ್ಣು ಹಾಕಿದ ಕೆಟ್ಟ ಮನುಷ್ಯ. ಆ ಹೆಸರು ಹೇಳಿದಾಗ ನಮ್ಮ ಮಕ್ಕಳಿಗೆ ನೆನಪಾದದ್ದು 2022ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಅವರ ಚಿತ್ರ. ಅಪ್ಪನ ಕಾಲದಲ್ಲಿ ಅದೇ ಹೆಸರಿನ ಒಂದು ಚಿತ್ರವಿತ್ತು, ಅದರಲ್ಲಿ ಅರಣ್ಯಾಧಿಕಾರಿಯ ಎದುರು ನಿಂತವರು ನಮ್ಮ ಬಾಲಣ್ಣ ಎಂದೆ. ಕಾಡಿನ ಅಂಚಿನಲ್ಲೇ ಬೆಳೆದ ಮಕ್ಕಳು ಕಿವಿ ನೆಟ್ಟಗೆ ಮಾಡಿಕೊಂಡರು.

ಸ್ಟುಡಿಯೊದ ವಿಷಯ ನೋವಿನದು. ಕನ್ನಡದವರು ಚಿತ್ರ ಮಾಡಲು ಮದರಾಸಿಗೆ ಹೋಗುವುದು ತಪ್ಪಬೇಕೆಂದು ಬಾಲಣ್ಣ ಬೆಂಗಳೂರಿನ ಕೆಂಗೇರಿಯ ಕಡೆ, ಸರ್ಕಾರ ಕೊಟ್ಟ 20 ಎಕರೆ ಜಾಗದಲ್ಲಿ ಅಭಿಮಾನ್ ಸ್ಟುಡಿಯೊ ಕಟ್ಟಲು ಹೊರಟರು. ನಟನೆಯಲ್ಲಿ ದುಡಿದದ್ದನ್ನೆಲ್ಲ ಅಲ್ಲಿ ಸುರಿದರು. ಸ್ಟುಡಿಯೊ ಎಂದರೆ ನೆಲ, ಗೋಡೆ ಮಾತ್ರವಲ್ಲ. ಕ್ಯಾಮೆರಾ, ದೀಪ, ಧ್ವನಿಗ್ರಹಣದ ಯಂತ್ರ, ಕೆಲಸಗಾರರ ತಿಂಗಳ ಸಂಬಳ. ಪೋಷಕ ನಟನೊಬ್ಬನ ಸಂಭಾವನೆಯಿಂದ ಅದನ್ನು ನಡೆಸುವುದು ಆಗುವ ಮಾತಾಗಿರಲಿಲ್ಲ. ಕನಸು ಕಂಡ ಹಾಗೆ ಅದು ಬೆಳೆಯಲಿಲ್ಲ. ಲೆಕ್ಕ ಬಲ್ಲ ಯಾರಾದರೂ ಈ ಹಠ ಬೇಡ ಎನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆನೋ ಏನೋ. ಆದರೆ ತನಗೆ ಕೇಳಿಸದ ಶಬ್ದವನ್ನು ನಾಡಿನವರು ನಾಡಿನಲ್ಲೇ ಮುದ್ರಿಸಿಕೊಳ್ಳಲಿ ಎಂದು ಗಳಿಸಿದ್ದನ್ನೆಲ್ಲ ಹಾಕಿದವರ ಮುಂದೆ ನನ್ನ ಲೆಕ್ಕ ಹೇಳಲು ನಾಲಿಗೆ ಬರುವುದಿಲ್ಲ.

1995ರ ಜುಲೈ 19ರಂದು ಬಾಲಣ್ಣ ತೀರಿಕೊಂಡರು. ಜೊತೆಗಾರ ನರಸಿಂಹರಾಜು 1979ರಲ್ಲೇ ಹೋಗಿದ್ದರು. 2009ರ ಡಿಸೆಂಬರ್‌ನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಅಭಿಮಾನ್ ಸ್ಟುಡಿಯೊದಲ್ಲಿ ನಡೆಯಿತು. ಅಲ್ಲಿಂದ ಈಚೆಗೆ ಆ ಜಾಗದ ಹೆಸರು ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಸ್ಮಾರಕದ ವಿವಾದದ ನೆಪದಲ್ಲಿ. ಅದನ್ನು ಕಟ್ಟಿದವರು ಯಾರು ಎಂದು ನನ್ನ ತಂಡದ ಏಳು ಜನರಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ.

ನವೆಂಬರ್ 2ರ ಸಭೆಯಲ್ಲಿ ಇಷ್ಟನ್ನೆಲ್ಲ ಹೇಳಲು ಆಗಲಿಲ್ಲ. ಬಾಲಣ್ಣನಿಗೆ ಕಿವಿ ಕೇಳುತ್ತಿರಲಿಲ್ಲ ಎಂಬುದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹೇಳುವಾಗ ಆ ಹುಡುಗನ ಕಡೆ ನೋಡಬಾರದೆಂದು ತೀರ್ಮಾನಿಸಿದ್ದೆ, ಎಲ್ಲರೂ ಅವನ ಕಡೆ ತಿರುಗಿದರೆ ಅದು ಇನ್ನೊಂದು ಅವಮಾನ. ಆದರೆ ಮಾತು ಅವನಿಗೆ ಕಾಣಲೆಂದು ಮೈಕ್ ಬಾಯಿಗೆ ಅಡ್ಡ ಬಾರದ ಹಾಗೆ ಕೆಳಗೆ ಹಿಡಿದಿದ್ದೆ. ಅವನಿಗೆ ಎಷ್ಟು ತಲುಪಿತು ಎಂದು ಕೇಳಲು ಧೈರ್ಯವಾಗಲಿಲ್ಲ.

ಮರುದಿನ ಶಬ್ದದ ಪಾಠವನ್ನೇ ಮತ್ತೆ ತೆಗೆದುಕೊಂಡೆ. ಶ್ರುತಿಕವೆಯನ್ನು ರಬ್ಬರಿನ ಮೇಲೆ ಬಡಿದು ಒಬ್ಬೊಬ್ಬರ ಕೈಗೂ ಕೊಟ್ಟೆ. ಎಲ್ಲರೂ ಕಿವಿಯ ಹತ್ತಿರ ಹಿಡಿದರು. ಆ ಹುಡುಗ ಅದರ ಬುಡವನ್ನು ಗಲ್ಲದ ಮೂಳೆಗೆ ಒತ್ತಿ ಹಿಡಿದು, ಕಂಪನ ನಿಲ್ಲುವ ತನಕ ಕೊಡಲೇ ಇಲ್ಲ. ಪಕ್ಕದವನು ಕಿತ್ತುಕೊಳ್ಳಲು ನೋಡಿದ. ಆಮೇಲೆ ಅವನೂ ಗಲ್ಲಕ್ಕೆ ಇಟ್ಟುಕೊಂಡು ನೋಡಿದ.

ಆ ಪಾಠದಲ್ಲಿ ಕಪ್ಪುಹಲಗೆಯ ಬಳಕೆ ಕಡಿಮೆಯಾಯಿತೆಂದು ನನಗೆ ಎರಡು ಅಂಕ ಹೋದವು. ಬರೆಯುತ್ತಾ ಮಾತಾಡುವ ಅಭ್ಯಾಸ ಬಿಟ್ಟದ್ದರಿಂದ ಹಲಗೆ ಅರ್ಧ ಖಾಲಿ ಉಳಿದಿತ್ತು. ಅವನನ್ನು ಮುಂದಿನ ಬೆಂಚಿಗೆ ಕರೆದರೆ ಬರಲಿಲ್ಲ. ಗೋಡೆಯ ಬದಿಯ ಎರಡನೇ ಬೆಂಚನ್ನು ತಾನೇ ಆರಿಸಿಕೊಂಡ. ಅಲ್ಲಿಂದ ನನ್ನ ಮುಖವೂ ಕಾಣುತ್ತದೆ, ಸ್ವಲ್ಪ ಓರೆಯಾಗಿ ಕೂತರೆ ಉತ್ತರ ಹೇಳುವ ಹುಡುಗರ ಮುಖವೂ ಕಾಣುತ್ತದೆ.