ಫ್ಲಾರೆನ್ಸ್ ನೈಟಿಂಗೇಲ್ ಮತ್ತು ಅಂಕಿಗಳ ನಕ್ಷೆ

ಕೈಯಲ್ಲಿ ದೀಪವನ್ನು ಹಿಡಿದು ರಾತ್ರಿಯ ಹೊತ್ತು ಗಾಯಾಳುಗಳ ಹಾಸಿಗೆಗಳ ನಡುವೆ ಸಂಚರಿಸಿದ ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಕೇಳದ ವಿದ್ಯಾರ್ಥಿನಿಯು ವಿರಳ. ಆದರೆ ಅದೇ ಕೈಯು ಅಂಕಿಗಳ ನಕ್ಷೆಗಳನ್ನು ಬರೆಯಿತೆಂಬುದನ್ನೂ, ಆ ನಕ್ಷೆಗಳೂ ಪ್ರಾಣರಕ್ಷಣೆಗೆ ಕಾರಣವಾದುವೆಂಬುದನ್ನೂ ಬಲ್ಲವರು ಕೆಲವರೇ. ಪರದೇಶದಲ್ಲಿ ವ್ಯಾಸಂಗ ಮಾಡಬಯಸುವವರು ಬರೆಯುವ ಐ.ಇ.ಎಲ್.ಟಿ.ಎಸ್. ಎಂಬ ಇಂಗ್ಲೀಷ್ ಪರೀಕ್ಷೆಯಲ್ಲಿ, ಒಂದು ನಕ್ಷೆಯನ್ನೋ ಪಟ್ಟಿಯನ್ನೋ ಮುಂದಿಟ್ಟು, ಅದರ ಸಾರವನ್ನು 150 ಪದಗಳಿಗೆ ಕಡಿಮೆಯಾಗದಂತೆ ಬರೆಯಿರೆಂದು ಕೇಳುವ ಪದ್ಧತಿಯುಂಟು. ಇದೊಂದು ಒಣ ಕಸರತ್ತೆಂದು ನಮ್ಮ ಹೆಣ್ಣುಮಕ್ಕಳು ಬೇಸರಪಡುವುದನ್ನು ಕಂಡು, ಅವರಿಗಾಗಿಯೂ ಅವರ ಹಿರಿಯರಿಗಾಗಿಯೂ ಈ ಚರಿತ್ರೆಯನ್ನು ಬರೆದಿದೆ.

ಈಕೆಯು 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಹುಟ್ಟಿದಳು. ಹುಟ್ಟಿದ ಊರಿನ ಹೆಸರೇ ಮಗುವಿನ ಹೆಸರಾಯಿತು. ಸಿರಿವಂತನಾದ ತಂದೆಯು ತಾನೇ ಗುರುವಾಗಿ ಮಗಳಿಗೆ ಭಾಷೆಗಳನ್ನೂ ಇತಿಹಾಸವನ್ನೂ ಕಲಿಸಿದನು. ಗಣಿತವನ್ನು ಕಲಿಯಬೇಕೆಂಬ ಹಂಬಲವು ಅವಳಿಗೆ ಬಾಲ್ಯದಿಂದಲೇ ಇದ್ದಿತು. ಹೆಣ್ಣಿಗೆ ಇದೇಕೆಂದು ಮನೆಯವರು ಹಿಂಜರಿದರೂ ಅವಳು ಬಿಡಲಿಲ್ಲ. 1837ರಲ್ಲಿ, ತನ್ನ 16ನೆಯ ವಯಸ್ಸಿನಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆಯು ನಂಬಿದಳು. ಕುಲೀನ ಮನೆತನದ ಕನ್ಯೆಯು ರೋಗಿಗಳ ಶುಶ್ರೂಷೆಗೆ ಹೋಗುವುದು ಅಂದು ಅವಮಾನವೆನಿಸಿದ್ದುದರಿಂದ, ಬಹು ವರ್ಷಗಳ ತಡೆಯ ಬಳಿಕವೇ, 1851ರಲ್ಲಿ, ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಆಕೆಗೆ ಶಿಕ್ಷಣವು ದೊರೆಯಿತು.

ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರ ಅಕ್ಟೋಬರಿನಲ್ಲಿ, 38 ಮಂದಿ ದಾದಿಯರೊಡನೆ ಆಕೆಯು ಹೊರಟು ನವೆಂಬರ್ ಮೊದಲಲ್ಲಿ ತುರ್ಕಿ ದೇಶದ ಸ್ಕುಟಾರಿಯ ಆಸ್ಪತ್ರೆಗೆ ಬಂದಳು. ಅಲ್ಲಿ ಚರಂಡಿಗಳು ಕೊಳೆತು ನಾರುತ್ತಿದ್ದುವು, ಗಾಳಿಗೆ ದಾರಿಯಿರಲಿಲ್ಲ, ಸಿಪಾಯಿಗಳು ಗುಂಡಿನ ಗಾಯಕ್ಕಿಂತ ಹೆಚ್ಚಾಗಿ ಭೇದಿ, ವಿಷಮಜ್ವರ, ಕಾಲರಾಗಳಿಂದ ಸಾಯುತ್ತಿದ್ದರು. ಆಕೆಯ ಶುಶ್ರೂಷೆಯೂ ದಕ್ಷತೆಯೂ ದೊಡ್ಡವೇ. ಆದರೂ ಮರಣವು ನಿಲ್ಲಲಿಲ್ಲ. 1855ರ ಮಾರ್ಚಿಯಲ್ಲಿ ಆರೋಗ್ಯ ಆಯೋಗದವರು ಬಂದು ಚರಂಡಿಗಳನ್ನು ತೊಳೆಸಿ ಗಾಳಿಯಾಡುವಂತೆ ಮಾಡಿದ ಬಳಿಕ, ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42ರಷ್ಟಿದ್ದ ಆಸ್ಪತ್ರೆಯ ಮರಣವು ಜೂನಿನಲ್ಲಿ ಸುಮಾರು 2ಕ್ಕೆ ಇಳಿಯಿತು.

1856ರಲ್ಲಿ ಮರಳಿ ಬಂದ ಈಕೆಯನ್ನು ದೇಶವೆಲ್ಲ ಕೊಂಡಾಡಿತು. ಆದರೆ ಆಕೆಗೆ ಬೇಕಾದುದು ಹೊಗಳಿಕೆಯಲ್ಲ. ತಪ್ಪಿಸಬಹುದಾಗಿದ್ದ ಆ ಸಾವುಗಳು ಮತ್ತೆ ಸಂಭವಿಸಬಾರದೆಂಬುದೇ ಅವಳ ಪಣವಾಯಿತು. ಹೆಂಗಸಾದುದರಿಂದ ರಾಜಾಯೋಗದಲ್ಲಿ ಆಕೆಗೆ ಸ್ಥಾನವಿರಲಿಲ್ಲ. ಆಕೆಯು ಮನೆಯಲ್ಲಿ ಕುಳಿತು, ಸಂಖ್ಯಾಶಾಸ್ತ್ರಜ್ಞನಾದ ವಿಲಿಯಂ ಫಾರನ ನೆರವಿನಿಂದ, ಅಂಕಿಗಳನ್ನು ಒಟ್ಟುಗೂಡಿಸಿದಳು. ಉದ್ದುದ್ದ ಪಟ್ಟಿಗಳನ್ನು ಅಧಿಕಾರಿಗಳು ಓದಲಾರರೆಂದು ಬಲ್ಲವಳಾದುದರಿಂದ ಅವನ್ನು ಬಣ್ಣದ ನಕ್ಷೆಗಳಾಗಿ ಮಾಡಿ 1858ರಲ್ಲಿ ಪ್ರಕಟಿಸಿದಳು.

ಅವುಗಳಲ್ಲಿ ಪ್ರಸಿದ್ಧವಾದುದು ಎರಡು ವೃತ್ತಗಳುಳ್ಳದ್ದು. ಪ್ರತಿ ವೃತ್ತವೂ ಒಂದು ವರ್ಷ. ಅದರ ಹನ್ನೆರಡು ಹೋಳುಗಳು ಹನ್ನೆರಡು ತಿಂಗಳು. ನೀಲಿಯು ತಡೆಯಬಹುದಾದ ರೋಗಗಳ ಮರಣ, ಕೆಂಪು ಗಾಯದ ಮರಣ, ಕಪ್ಪು ಉಳಿದ ಕಾರಣಗಳದು. 1855ರ ಜನವರಿಯ ಹೋಳಿನಲ್ಲಿ ರೋಗದಿಂದ ಸತ್ತವರು 2761 ಮಂದಿ, ಗಾಯದಿಂದ 83 ಮಂದಿ. ಮರುವರ್ಷದ ಜನವರಿಯಲ್ಲಿ ಅದೇ ರೋಗಗಳಿಂದ ಸತ್ತವರು 42 ಮಂದಿ ಮಾತ್ರ. ನಕ್ಷೆಯ ಪಕ್ಕದಲ್ಲಿ ಆಕೆಯು ಚಿಕ್ಕದೊಂದು ಟಿಪ್ಪಣಿಯನ್ನಿಟ್ಟು, ಯಾವ ಬಣ್ಣವು ಯಾವುದನ್ನು ತೋರುವುದು, ಎಲ್ಲಿಂದ ಅಳೆಯಬೇಕು ಎಂಬುದನ್ನು ಸರಳವಾದ ಮಾತಿನಲ್ಲಿ ತಿಳಿಸಿದಳು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಮೊದಲು ಬರೆದ ಇಂಥದೇ ನಕ್ಷೆಯಲ್ಲಿ ಮರಣದ ಪ್ರಮಾಣವನ್ನು ಕೇಂದ್ರದಿಂದ ಅಳೆದ ಉದ್ದವು ತೋರುತ್ತಿತ್ತು. ಆದರೆ ಕಣ್ಣು ಉದ್ದವನ್ನಲ್ಲ, ಹರವನ್ನು ನೋಡುತ್ತದೆ. ಆದುದರಿಂದ ದೊಡ್ಡದು ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಇದು ಆಕೆಯ ವಾದಕ್ಕೆ ಅನುಕೂಲವೇ ಆಗಿದ್ದರೂ ಆಕೆಯು ಅದನ್ನು ಹಾಗೆಯೇ ಬಿಡದೆ, ಹರವೇ ಅಂಕಿಗೆ ಸರಿಹೊಂದುವಂತೆ ಹೊಸ ನಕ್ಷೆಯನ್ನು ರಚಿಸಿದಳು.

ಇನ್ನೊಂದು ನಕ್ಷೆಯು ಬರಿಯ ಅಡ್ಡಪಟ್ಟಿಗಳದು. ಇಂಗ್ಲೆಂಡಿನಲ್ಲಿ ಶಾಂತಿಕಾಲದಲ್ಲಿ, 20ರಿಂದ 25 ವಯಸ್ಸಿನ ಸಾವಿರ ಗಂಡಸರಲ್ಲಿ ವರ್ಷಕ್ಕೆ 8.4 ಮಂದಿ ಸತ್ತರೆ ಅದೇ ವಯಸ್ಸಿನ ಸಿಪಾಯಿಗಳಲ್ಲಿ 17. 25ರಿಂದ 30ರಲ್ಲಿ 9.2ಕ್ಕೆ 18.3, 30ರಿಂದ 35ರಲ್ಲಿ 10.2ಕ್ಕೆ 18.4, 35ರಿಂದ 40ರಲ್ಲಿ 11.6ಕ್ಕೆ 19.3. ಪರೀಕ್ಷೆಯಲ್ಲಿ ಇದನ್ನು ಕೊಟ್ಟರೆ ಎಂಟು ಅಂಕಿಗಳನ್ನೂ ಸಾಲಾಗಿ ನಕಲುಮಾಡಿ ಬಿಡುವವಳು ಏನನ್ನೂ ಹೇಳಿದಂತಾಗಲಿಲ್ಲ. ಎಲ್ಲ ವಯಸ್ಸಿನಲ್ಲೂ ಸಿಪಾಯಿಯ ಮರಣವೇ ಹೆಚ್ಚು, ಮೂವತ್ತರೊಳಗೆ ಅದು ಸುಮಾರು ಇಮ್ಮಡಿ, ವಯಸ್ಸು ಏರಿದಂತೆ ಎರಡೂ ಏರಿದರೂ ಮೂವತ್ತರ ಬಳಿಕ ಅಂತರವು ತುಸು ಕಿರಿದಾಗುವುದು ಎಂದು ಮೊದಲು ಹೇಳಿ, ಬಳಿಕ ಒಂದೆರಡು ಅಂಕಿಗಳನ್ನು ಸಾಕ್ಷಿಯಾಗಿ ನಿಲ್ಲಿಸುವವಳು ನಕ್ಷೆಯನ್ನು ಓದಿದವಳು. ಕಾರಣವನ್ನು ಊಹಿಸಿ ಬರೆಯುವುದು ಆ ಉತ್ತರದಲ್ಲಿ ಸಲ್ಲದು. ನಕ್ಷೆಯಲ್ಲಿ ಇಲ್ಲದ್ದನ್ನು ಸೇರಿಸಬಾರದು. ಆದರೆ ಪರೀಕ್ಷೆಯ ಕೊಠಡಿಯ ಹೊರಗೆ, ಆರೋಗ್ಯವಂತರನ್ನೇ ಆರಿಸಿ ಸೇರಿಸಿಕೊಂಡ ಸೈನ್ಯದಲ್ಲಿ ಸಾವು ಹೆಚ್ಚಿದುದೇಕೆಂದು ಕೇಳಲೇಬೇಕು. ಆಕೆಯು ಕೇಳಿದಳು, ಇಕ್ಕಟ್ಟಾದ, ಗಾಳಿಯಿಲ್ಲದ ಬರಾಕುಗಳನ್ನು ಸುಧಾರಿಸುವಂತೆ ಸರಕಾರವನ್ನು ಒತ್ತಾಯಪಡಿಸಿದಳು.

ಸಂಖ್ಯಾಶಾಸ್ತ್ರ ಸಂಘವು 1858ರಲ್ಲಿ ಆಕೆಯನ್ನು ತನ್ನ ಪ್ರಥಮ ಮಹಿಳಾ ಸದಸ್ಯೆಯಾಗಿ ಆರಿಸಿತು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆಯು ತೆರೆಯಿತು. ಭಾರತಕ್ಕೆ ಆಕೆಯು ಬಂದವಳಲ್ಲ. ಆದರೂ ಇಲ್ಲಿಯ ದಂಡುಗಳಿಗೆ ಅಚ್ಚಾದ ಪ್ರಶ್ನೆಪತ್ರಿಕೆಗಳನ್ನು ಕಳುಹಿಸಿ, ಬಂದ ಉತ್ತರಗಳನ್ನು ಶೋಧಿಸಿ, ನೀರು ಚರಂಡಿಗಳ ದುಃಸ್ಥಿತಿಯನ್ನು 1863ರ ವರದಿಯಲ್ಲಿ ತೆರೆದು ತೋರಿಸಿದಳು. ಬಹುಕಾಲ ರೋಗದಿಂದ ಹಾಸಿಗೆ ಹಿಡಿದಿದ್ದರೂ ಬರೆಯುವುದನ್ನು ಬಿಡಲಿಲ್ಲ. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಪದವಿಯನ್ನು ಪಡೆದ ಮೊದಲ ಸ್ತ್ರೀಯಾಗಿ, 1910ನೆಯ ಇಸವಿ ಆಗಸ್ಟ್ 13ರಂದು 90ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಪೋಷಕರು ತಮ್ಮ ಹೆಣ್ಣುಮಕ್ಕಳಿಗೆ ಗಣಿತವೇಕೆಂದು ಇನ್ನು ಕೇಳದಿರಲಿ. ನಮ್ಮ ಹುಡುಗಿಯರೂ ನಕ್ಷೆಯೊಂದನ್ನು ಕಂಡಾಗ, ಪ್ರತಿ ಅಂಕಿಯ ಹಿಂದೆಯೂ ಒಬ್ಬ ತಾಯಿಯ ಮಗನಿದ್ದಾನೆಂದು ನೆನೆದು, ಕಂಡುದನ್ನು ಕಂಡಂತೆ ಬರೆಯಲೆಂದು ಹಾರೈಸುತ್ತೇನೆ.