18ಕ್ಕೆ ಓಟು ಕೊಡಿಸಿದ ಮಸೂದೆ ಮಂಡಿಸಿದ್ದು ನಮ್ಮ ಕಣಗಲಾದ ಬಿ. ಶಂಕರಾನಂದ

ಕೌಜಲಗಿ: ಚುನಾವಣೆ ಬಂತಂದ್ರ ಸಾಕು, ಕೌಜಲಗಿ, ಮೂಡಲಗಿ, ಗೋಕಾಕ ಕಡೆ ಕಾಲೇಜು ಹುಡುಗರ ಬೆರಳಿಗೆ ಶಾಯಿ ಬಿದ್ದ ಫೋಟೋ ಮೊಬೈಲಿನಾಗ ಓಡಾಡತಾವ. 18 ತುಂಬಿದರ ಓಟು ಅನ್ನೋದು ಈಗ ಎಲ್ಲರಿಗೂ ಗೊತ್ತಿರುವ ಮಾತು. ಆದರೆ 1989ರ ಮಾರ್ಚ್ ತನಕ ದೇಶದಲ್ಲಿ ಲೋಕಸಭೆಗೆ, ವಿಧಾನಸಭೆಗೆ ಓಟು ಹಾಕಲು 21 ತುಂಬಲೇಬೇಕಿತ್ತು. ಅದನ್ನು 18ಕ್ಕೆ ಇಳಿಸುವ ಸಂವಿಧಾನ ತಿದ್ದುಪಡಿ ಮಸೂದೆಯನ್ನು ಸಂಸತ್ತಿನಲ್ಲಿ ಮಂಡಿಸಿದವರು ಬೇರೆ ಯಾರೂ ಅಲ್ಲ, ಇದೇ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಕಣಗಲಾದ ಬಿ. ಶಂಕರಾನಂದ.

ಚಿಕ್ಕೋಡಿಯಿಂದ ಸತತ ಏಳು ಸಲ ಲೋಕಸಭೆಗೆ ಹೋದವರು, ಕೇಂದ್ರದಲ್ಲಿ ಹಲವು ಖಾತೆ ನೋಡಿಕೊಂಡವರು ಎಂದು ಅವರನ್ನು ಹಿರಿಯರು ನೆನೆಯುತ್ತಾರೆ. ಓಟಿನ ವಯಸ್ಸಿನ ಜೊತೆ ಅವರ ಹೆಸರು ಸೇರಿಸಿ ಹೇಳುವವರು ಮಾತ್ರ ಕಡಿಮೆ.

ಓಟು ಎಲ್ಲರದ್ದಲ್ಲದ ಕಾಲದಲ್ಲಿ ಹುಟ್ಟಿದವರು

ಶಂಕರಾನಂದರು ಹುಟ್ಟಿದ್ದು 1925ರ ಅಕ್ಟೋಬರ್ 19ರಂದು. ಆವಾಗ ಬೆಳಗಾವಿ ಮುಂಬಯಿ ಪ್ರಾಂತ್ಯದಾಗಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ಓಟು ಅಂದ್ರ ಎಲ್ಲರ ಹಕ್ಕಾಗಿರಲಿಲ್ಲ. ಆಸ್ತಿ ಇದ್ದವರು, ಕಂದಾಯ ಕಟ್ಟುವವರು, ಓದಿಕೊಂಡವರು, ಇಂಥವರ ಹೆಸರು ಮಾತ್ರ ಪಟ್ಟಿಯಲ್ಲಿ ಬರುತ್ತಿತ್ತು. ಹೊಲ ಇಲ್ಲದ ಕೂಲಿಕಾರರಿಗೆ, ದಲಿತ ಕೇರಿಯ ಹೆಚ್ಚಿನವರಿಗೆ, ಬಹುಪಾಲು ಹೆಣ್ಣುಮಕ್ಕಳಿಗೆ ಆ ಬಾಗಿಲು ಮುಚ್ಚಿತ್ತು. ಪರಿಶಿಷ್ಟ ಜಾತಿಯಲ್ಲಿ ಹುಟ್ಟಿದ ಶಂಕರಾನಂದರಿಗೆ 1946ರಲ್ಲಿ 21 ತುಂಬಿತು. ಆ ವರ್ಷ ನಡೆದ ಪ್ರಾಂತೀಯ ಚುನಾವಣೆಯೂ ಇದೇ ಹಳೆಯ ಪದ್ಧತಿಯದ್ದು.

1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗ 326ನೇ ವಿಧಿ ಈ ಬಾಗಿಲು ತೆರೆಯಿತು. ಜಾತಿ, ಆಸ್ತಿ, ಓದು ಯಾವುದನ್ನೂ ಕೇಳದೆ 21 ತುಂಬಿದ ಎಲ್ಲರಿಗೂ ಓಟು ಕೊಟ್ಟಿತು. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸುಮಾರು 17 ಕೋಟಿ ಜನ ಮತದಾರರ ಪಟ್ಟಿಯಲ್ಲಿದ್ದರು. ಆವಾಗ ಶಂಕರಾನಂದರಿಗೆ 26 ವರ್ಷ. ಹಿಂದಿನವರಿಗೆ ಸಿಗದ ಹಕ್ಕು ಪಡೆದ ತಲೆಮಾರು ಅವರದ್ದು.

ಚಿಕ್ಕೋಡಿಯಿಂದ ದಿಲ್ಲಿಗೆ

ವಕೀಲಿ ಓದಿದ್ದ ಶಂಕರಾನಂದರು 1967ರಲ್ಲಿ ಚಿಕ್ಕೋಡಿ ಮೀಸಲು ಕ್ಷೇತ್ರದಿಂದ ಮೊದಲ ಸಲ ಗೆದ್ದರು. ಆಮೇಲೆ 1971, 1977, 1980, 1984, 1989 ಮತ್ತು 1991, ಒಂದೂ ತಪ್ಪಲಿಲ್ಲ. 1977ರಲ್ಲಿ ತುರ್ತುಪರಿಸ್ಥಿತಿಯ ಸಿಟ್ಟಿಗೆ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದರೂ ಕರ್ನಾಟಕ ಅವರ ಪಕ್ಷದ ಕೈ ಬಿಡಲಿಲ್ಲ, ಚಿಕ್ಕೋಡಿಯೂ ಬಿಡಲಿಲ್ಲ.

1980ರಿಂದ 1984ರವರೆಗೆ ಇಂದಿರಾ ಗಾಂಧಿ ಸರಕಾರದಲ್ಲಿ ಅವರು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು. ಇದೇ ಸಚಿವಾಲಯದ ಅಡಿ ಬರುವ ಹಿಂದೂಸ್ತಾನ್ ಲ್ಯಾಟೆಕ್ಸ್ ಕಾರ್ಖಾನೆ 1980ರ ದಶಕದಾಗ ಕಣಗಲಾಕ್ಕೆ ಬಂತು. ಸಂಕೇಶ್ವರ, ನಿಪ್ಪಾಣಿ ಕಡೆ ಓಡಾಡುವವರಿಗೆ ಆ ಕಾರ್ಖಾನೆ ಗೊತ್ತೇ ಇದೆ.

ಅವರ ಬದುಕಿನಲ್ಲಿ ಟೀಕೆಯೂ ಇತ್ತು. 1987ರಲ್ಲಿ ಬೋಫೋರ್ಸ್ ತೋಪು ಖರೀದಿ ಹಗರಣದ ತನಿಖೆಗೆ ಜಂಟಿ ಸಂಸದೀಯ ಸಮಿತಿ ಮಾಡಿದಾಗ ಅದರ ಅಧ್ಯಕ್ಷತೆ ಇವರಿಗೇ ಬಂತು. ಪ್ರಮುಖ ವಿರೋಧ ಪಕ್ಷಗಳು ಸಮಿತಿಯಿಂದ ಹೊರಗೇ ಉಳಿದವು. 1988ರಲ್ಲಿ ಬಂದ ವರದಿ ಸರಕಾರವನ್ನು ಕಾಪಾಡುವಂಥದ್ದು ಎಂದು ವಿರೋಧಿಗಳು ಅದನ್ನು ಒಪ್ಪಲಿಲ್ಲ. ಶಂಕರಾನಂದರ ಹೆಸರು ಬಂದಾಗ ಇಂದಿಗೂ ಈ ಮಾತು ಬರುತ್ತದೆ.

ಅದೇ 1988ರಲ್ಲಿ ಅವರಿಗೆ ಕಾನೂನು ಮತ್ತು ನ್ಯಾಯ ಖಾತೆ ಸಿಕ್ಕಿತು, ಜೊತೆಗೆ ಜಲಸಂಪನ್ಮೂಲ ಖಾತೆಯೂ ಇತ್ತು. ಓಟಿನ ವಯಸ್ಸಿನ ಮಸೂದೆ ಅವರ ಕೈಗೆ ಬಂದಿದ್ದು ಹಿಂಗ.

21 ಯಾಕೆ, 18 ಯಾಕೆ?

ವಯಸ್ಸು ಇಳಿಸಬೇಕು ಎಂಬ ಕೂಗು ರಾಜೀವ್ ಗಾಂಧಿ ಕಾಲಕ್ಕೆ ಹುಟ್ಟಿದ್ದಲ್ಲ. 1970ರ ದಶಕದಲ್ಲಿ ಜಯಪ್ರಕಾಶ್ ನಾರಾಯಣರು ರಚಿಸಿದ ತಾರ್ಕುಂಡೆ ಸಮಿತಿ ಚುನಾವಣಾ ಸುಧಾರಣೆಗೆ ಕೊಟ್ಟ ಸಲಹೆಗಳಲ್ಲಿ ಇದೂ ಒಂದಾಗಿತ್ತು. ಹೊರಗೆ ನೋಡಿದರೆ ಬ್ರಿಟನ್ 1969ರಲ್ಲೇ 18ಕ್ಕೆ ಇಳಿಸಿತ್ತು. ಅಮೆರಿಕ 1971ರಲ್ಲಿ ಇಳಿಸಿತು. ವಿಯೆಟ್ನಾಂ ಯುದ್ಧಕ್ಕೆ 18ರ ಹುಡುಗರನ್ನು ಕಳಿಸುವ ಸರಕಾರ ಅವರಿಗೆ ಓಟು ಯಾಕೆ ಕೊಡೋದಿಲ್ಲ ಎಂಬ ಪ್ರಶ್ನೆ ಅಲ್ಲಿ ದೊಡ್ಡದಾಗಿತ್ತು. ನಮ್ಮ ದೇಶದಲ್ಲೂ ಕೆಲ ರಾಜ್ಯ ಸರಕಾರಗಳು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಆಗಲೇ 18 ವರ್ಷ ಒಪ್ಪಿಕೊಂಡಿದ್ದವು.

ಬೇಡ ಅನ್ನುವವರ ವಾದವನ್ನೂ ತಳ್ಳಿಹಾಕುವಂತಿರಲಿಲ್ಲ. ಈ ವಯಸ್ಸಿನ ಹುಡುಗರಿಗೆ ಇನ್ನೂ ತಿಳುವಳಿಕೆ ಸಾಲದು, ಯಾರೋ ಹೇಳಿದ್ದಕ್ಕೆ ಗುದ್ದಿ ಬರತಾರ, ಕಾಲೇಜಿನೊಳಗೆ ಪಕ್ಷದ ಜಗಳ ಹೊಕ್ಕರೆ ಓದು ಕೆಡತದ ಎಂಬ ಭಯ ತಂದೆತಾಯಿಗಳಲ್ಲೂ ಇತ್ತು.

ಬೇಕು ಅನ್ನುವವರು ಕಾನೂನನ್ನೇ ಮುಂದಿಡುತ್ತಿದ್ದರು. 1875ರ ವಯಸ್ಕತೆ ಕಾಯ್ದೆ ಪ್ರಕಾರ 18 ತುಂಬಿದವರು ವಯಸ್ಕರು. ಅಂಗಡಿ ಬಾಡಿಗೆ ಕರಾರಿಗೆ ಸಹಿ ಹಾಕಬಹುದು, ಸಾಲದ ಪತ್ರ ಬರೆದುಕೊಡಬಹುದು, ಹೊಲ ಮಾರಬಹುದು, ಕೊಳ್ಳಬಹುದು. ಸಾಲ ತೀರಿಸುವ ಹೊಣೆ ಹೊರಲು ತಕ್ಕ ವಯಸ್ಸಾದರೆ ಆಳುವವರನ್ನು ಆರಿಸಲು ಯಾಕೆ ತಕ್ಕದ್ದಲ್ಲ? ವ್ಯಾಪಾರಸ್ಥರಿಗೆ ಈ ಮಾತು ಬೇಗ ತಿಳಿಯುತ್ತದೆ.

ಇನ್ನೊಂದು ಲೆಕ್ಕವೂ ಇತ್ತು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆ ಹೊತ್ತಿಗೆ 20 ವರ್ಷ 11 ತಿಂಗಳಾದ ಹುಡುಗನಿಗೆ ಓಟಿಲ್ಲ. ಮುಂದಿನ ಲೋಕಸಭಾ ಚುನಾವಣೆ ಬಂದಿದ್ದು 1989ರ ನವೆಂಬರಿಗೆ. ಅಷ್ಟೊತ್ತಿಗೆ ಅವನಿಗೆ ಸುಮಾರು 26. ದುಡಿಮೆ, ಮದುವೆ, ಮಕ್ಕಳು ಎಲ್ಲಾ ಆದಮೇಲೆ ಲೋಕಸಭೆಗೆ ಮೊದಲ ಓಟು!

ಡಿಸೆಂಬರಿನ ಆ ಎಂಟು ದಿನ

1988ರ ಡಿಸೆಂಬರ್ 13ರಂದು ಶಂಕರಾನಂದರು ಲೋಕಸಭೆಯಲ್ಲಿ ಮಸೂದೆ ಮಂಡಿಸಿದರು. ಮಂಡಿಸುವಾಗ ಅದರ ಹೆಸರು 62ನೇ ತಿದ್ದುಪಡಿ ಮಸೂದೆ ಎಂದಿತ್ತು. ಡಿಸೆಂಬರ್ 14 ಮತ್ತು 15ರಂದು ಚರ್ಚೆ ನಡೆದು, ಸಂಖ್ಯೆಯನ್ನು 61 ಎಂದು ತಿದ್ದಿ ಲೋಕಸಭೆ ಒಪ್ಪಿತು. ರಾಜ್ಯಸಭೆಯಲ್ಲಿ 16, 19 ಮತ್ತು 20ರಂದು ಚರ್ಚೆಯಾಗಿ 20ರಂದು ಪಾಸಾಯಿತು. ಮಂಡನೆಯಿಂದ ಎರಡೂ ಸದನದ ಒಪ್ಪಿಗೆವರೆಗೆ ಎಂಟೇ ದಿನ.

ಬದಲಾಗಿದ್ದು 326ನೇ ವಿಧಿಯಲ್ಲಿ ಒಂದು ಸಂಖ್ಯೆ ಅಷ್ಟೇ. 21 ಇದ್ದಲ್ಲಿ 18. ಇಂದಿನ ಯುವಕರು ಅಕ್ಷರಸ್ಥರು, ತಿಳಿದವರು, ಅವರನ್ನು ರಾಜಕೀಯ ವ್ಯವಸ್ಥೆಯ ಭಾಗ ಮಾಡಿಕೊಳ್ಳಬೇಕು ಎಂಬುದು ಮಸೂದೆಯ ಜೊತೆ ಕೊಟ್ಟ ಕಾರಣವಾಗಿತ್ತು. ರಾಜ್ಯಗಳ ವಿಧಾನಸಭೆಗಳ ಅನುಮೋದನೆಯೂ ಸಿಕ್ಕ ಮೇಲೆ 1989ರ ಮಾರ್ಚ್ 28ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ಅಂಕಿತ ಹಾಕಿದರು. ಅವತ್ತಿನಿಂದಲೇ ಜಾರಿ.

ಇದು ಶಂಕರಾನಂದ ಒಬ್ಬರ ಸಾಧನೆ ಅನ್ನೋಕೆ ಬರೋದಿಲ್ಲ. ನಿರ್ಧಾರ ರಾಜೀವ್ ಗಾಂಧಿ ಸಂಪುಟದ್ದು, ಬೇಡಿಕೆ ಎಷ್ಟೋ ವರ್ಷದ್ದು. ಆದರೂ ಸದನದಲ್ಲಿ ನಿಂತು ಮಸೂದೆ ಮಂಡಿಸುವ ಹೊಣೆ ಹೊತ್ತವರು ಅವರು.

ಓಟು ಕೊಟ್ಟವರಿಗೇ ಓಟು ಬಿತ್ತೇ?

ಹೊಸ ಹುಡುಗರು ತಮ್ಮ ಕಡೆ ಬರತಾರ ಎಂಬ ಆಸೆಯಿಂದ ಕಾಂಗ್ರೆಸ್ ಇದನ್ನು ಮಾಡಿತು ಎಂಬ ಮಾತು ಆಗಲೂ ಇತ್ತು. 1989ರ ನವೆಂಬರ್ ಚುನಾವಣೆ ಹೊತ್ತಿಗೆ ಮತದಾರರ ಸಂಖ್ಯೆ ಸುಮಾರು 40 ಕೋಟಿಯಿಂದ 50 ಕೋಟಿ ಹತ್ತಿರಕ್ಕೆ ಏರಿತ್ತು. ಜನಸಂಖ್ಯೆ ಬೆಳೆದದ್ದೂ ಅದರಲ್ಲಿ ಸೇರಿದೆ, ಹೊಸ ವಯಸ್ಸಿನವರೂ ಸೇರಿದ್ದಾರೆ. ಫಲಿತಾಂಶ ಬಂದಾಗ 400ಕ್ಕೂ ಹೆಚ್ಚು ಸ್ಥಾನ ಇದ್ದ ಪಕ್ಷ 197ಕ್ಕೆ ಇಳಿದು ಅಧಿಕಾರ ಕಳೆದುಕೊಂಡಿತು. ಕರ್ನಾಟಕದಲ್ಲಿ ಮಾತ್ರ ಗಾಳಿ ಉಲ್ಟಾ. 28ರಲ್ಲಿ 27 ಕ್ಷೇತ್ರ ಕಾಂಗ್ರೆಸ್‌ಗೆ ಬಂದವು, ಶಂಕರಾನಂದರೂ ಗೆದ್ದರು. ಹುಡುಗರೆಲ್ಲಾ ಒಂದೇ ಕಡೆ ಓಟು ಹಾಕತಾರ ಅನ್ನೋ ಲೆಕ್ಕ ನಿಲ್ಲಲಿಲ್ಲ.

1991ರ ನಂತರ ನರಸಿಂಹರಾವ್ ಸಂಪುಟದಲ್ಲಿ ಅವರು ಪೆಟ್ರೋಲಿಯಂ ಖಾತೆ, ಆಮೇಲೆ ಮತ್ತೊಮ್ಮೆ ಆರೋಗ್ಯ ಖಾತೆ ನೋಡಿಕೊಂಡರು. 1996ರಲ್ಲಿ ಚಿಕ್ಕೋಡಿ ಜನ ಜನತಾದಳದ ರತ್ನಮಾಲಾ ಸವಣೂರ ಅವರನ್ನು ಆರಿಸಿದರು. 29 ವರ್ಷದ ಓಟ ಅಲ್ಲಿಗೆ ನಿಂತಿತು. ಅವತ್ತು ಸಾಲಿನಲ್ಲಿ ನಿಂತ 18, 19, 20ರ ಹುಡುಗ-ಹುಡುಗಿಯರು ಯಾರಿಗೆ ಓಟು ಹಾಕಿದರೋ ಅವರಿಗೇ ಗೊತ್ತು. ಹಾಕುವ ಹಕ್ಕು ಮಾತ್ರ ಸೋತ ಅಭ್ಯರ್ಥಿ ಮಂಡಿಸಿದ ಮಸೂದೆಯಿಂದಲೇ ಬಂದಿತ್ತು. ಶಂಕರಾನಂದರು 2009ರ ನವೆಂಬರ್ 20ರಂದು ತೀರಿಕೊಂಡರು.

ಈಗ 16ರ ಚರ್ಚೆ

1989ರಲ್ಲಿ 18ಕ್ಕೇ ಮೊದಲ ಓಟು ಹಾಕಿದವರಿಗೆ ಈಗ 55 ದಾಟಿದೆ. ಅವರಲ್ಲಿ ಎಷ್ಟೋ ಜನ ಇವತ್ತು ಗಲ್ಲಾದ ಮೇಲೆ ಕುಂತ ಅಂಗಡಿ ಮಾಲೀಕರು, ಮೊಮ್ಮಕ್ಕಳನ್ನು ಕಂಡವರು. ಹೊರದೇಶದಲ್ಲಿ ಚರ್ಚೆ ಇನ್ನೂ ಕೆಳಗೆ ಹೋಗಿದೆ. ಆಸ್ಟ್ರಿಯಾ 2007ರಲ್ಲಿ 16ಕ್ಕೆ ಇಳಿಸಿತು. ಬ್ರೆಜಿಲ್ 1988ರ ಸಂವಿಧಾನದಲ್ಲೇ 16ರವರಿಗೆ ಇಷ್ಟವಿದ್ದರೆ ಓಟು ಹಾಕಲು ಅವಕಾಶ ಕೊಟ್ಟಿದೆ. ತಿಳುವಳಿಕೆ ಇಲ್ಲ ಎಂಬ ಅದೇ ಹಳೆಯ ವಾದ ಅಲ್ಲೂ ಕೇಳಿಬರುತ್ತಿದೆ.

ನಮ್ಮಲ್ಲಿ ವಯಸ್ಸು 18ಕ್ಕೇ ನಿಂತಿದೆ, ಹೆಸರು ಸೇರಿಸುವುದು ಮಾತ್ರ ಸಲೀಸಾಗಿದೆ. ಮೊದಲು ಜನವರಿ 1ಕ್ಕೆ 18 ತುಂಬದಿದ್ದರೆ ಇಡೀ ವರ್ಷ ಕಾಯಬೇಕಿತ್ತು. 2022ರ ಆಗಸ್ಟ್‌ನಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1, ಹೀಗೆ ನಾಲ್ಕು ದಿನಾಂಕಗಳಿವೆ. 17 ದಾಟಿದವರು ಮುಂಗಡವಾಗಿಯೇ ನಮೂನೆ 6 ತುಂಬಿ ಕೊಡಬಹುದು. ಊರಿನ ಬಿಎಲ್‌ಒ ಹತ್ತಿರ, ತಹಶೀಲ್ದಾರ ಕಚೇರಿಯಲ್ಲಿ ಅಥವಾ ಮೊಬೈಲಿನಲ್ಲೇ ಅರ್ಜಿ ಹಾಕಬಹುದು.

ವಯಸ್ಸು ತುಂಬಿದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ. ಮನೆಯಲ್ಲಿ, ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗರಲ್ಲಿ 18 ಆದವರಿದ್ದರೆ ಅವರ ಹೆಸರು ಪಟ್ಟಿಯಲ್ಲಿ ಐತೋ ಇಲ್ಲೋ, ಚುನಾವಣೆ ಬರೋಕಿಂತ ಮೊದಲೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.