ಎಸ್. ಆರ್. ರಾವ್

ಶಿಕಾರಿಪುರ ರಂಗನಾಥ ರಾವ್ (ಜುಲೈ 1, 1922 – ಜನವರಿ 3, 2013) ಭಾರತದ ಪ್ರಮುಖ ಪುರಾತತ್ತ್ವಜ್ಞರಲ್ಲಿ ಒಬ್ಬರು. ಗುಜರಾತಿನ ಹರಪ್ಪಾ ಕಾಲದ ಬಂದರು ನಗರ ಲೋಥಲ್‌ನ ಶೋಧ ಮತ್ತು ಉತ್ಖನನ ಇವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಭಾರತದಲ್ಲಿ ಸಾಗರ ಪುರಾತತ್ತ್ವ ಶಾಸ್ತ್ರಕ್ಕೆ ತಳಹದಿ ಹಾಕಿದವರೂ ಇವರೇ. ದ್ವಾರಕೆ ಮತ್ತು ಬೇಟ್ ದ್ವಾರಕೆಯ ಕಡಲಿನಲ್ಲಿ ಸ್ಕೂಬಾ ಮುಳುಗುಗಾರರ ನೆರವಿನಿಂದ ಇವರು ನಡೆಸಿದ ಅನ್ವೇಷಣೆ ದೇಶದಾದ್ಯಂತ ಚರ್ಚೆಗೆ ಒಳಗಾಯಿತು.

ಜನನ ಮತ್ತು ವೃತ್ತಿಜೀವನದ ಆರಂಭ

ರಾವ್ ಅವರು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಆನಂದಪುರದಲ್ಲಿ ಜನಿಸಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮುಗಿಸಿದ ಬಳಿಕ ಬರೋಡಾ ಸಂಸ್ಥಾನದ ಪುರಾತತ್ತ್ವ ಇಲಾಖೆಯನ್ನು ಸೇರಿದರು. ಮುಂದೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ಸೇವೆ ಸಲ್ಲಿಸಿದರು. ಮಲೆನಾಡಿನಲ್ಲಿ ಹುಟ್ಟಿದ ಇವರ ಕಾರ್ಯಕ್ಷೇತ್ರ ಬಹುಮಟ್ಟಿಗೆ ಗುಜರಾತಿನ ಕರಾವಳಿಯೇ ಆಯಿತು. ರಂಗಪುರ, ಭಗತ್ರಾವ್, ಐಹೊಳೆ ಮೊದಲಾದ ಸ್ಥಳಗಳಲ್ಲಿಯೂ ಇವರು ಉತ್ಖನನ ನಡೆಸಿದರು.

ಲೋಥಲ್

ದೇಶ ವಿಭಜನೆಯಿಂದ ಹರಪ್ಪಾ ಮತ್ತು ಮೊಹೆಂಜೊದಾರೊ ಎರಡೂ ಪಾಕಿಸ್ತಾನಕ್ಕೆ ಸೇರಿದವು. ಭಾರತದೊಳಗೆ ಆ ನಾಗರಿಕತೆಯ ನೆಲೆಗಳನ್ನು ಹುಡುಕುವುದು ಇಲಾಖೆಯ ಮುಖ್ಯ ಕೆಲಸವಾಗಿದ್ದ ಸಮಯದಲ್ಲಿ, 1954ರಲ್ಲಿ, ಅಹಮದಾಬಾದ್ ಜಿಲ್ಲೆಯ ಸರಗ್ವಾಲಾ ಗ್ರಾಮದ ಬಳಿಯ ದಿಬ್ಬವನ್ನು ರಾವ್ ಗುರುತಿಸಿದರು. ಅಲ್ಲಿ ದೊರೆತ ಸುಮಾರು 219 ಮೀಟರ್ ಉದ್ದ, 37 ಮೀಟರ್ ಅಗಲದ ಸುಟ್ಟ ಇಟ್ಟಿಗೆಯ ಕಟ್ಟೆಯನ್ನು ಅವರು ಹಡಗುಕಟ್ಟೆಯೆಂದು ನಿರ್ಧರಿಸಿದರು. ಲಾರೆನ್ಸ್ ಲೆಶ್ನಿಕ್ ಮೊದಲಾದವರು ಇದನ್ನು ನೀರಾವರಿ ಅಥವಾ ಕುಡಿಯುವ ನೀರಿನ ಕೆರೆಯೆಂದು ವಾದಿಸಿದರು. ನಂತರ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಅಧ್ಯಯನದಲ್ಲಿ ಕಟ್ಟೆಯ ತಳದ ಹೂಳಿನಲ್ಲಿ ಕಡಲಿನ ಸೂಕ್ಷ್ಮಜೀವಿಗಳ ಅವಶೇಷಗಳು ಕಂಡುಬಂದದ್ದು ರಾವ್ ಅವರ ಅಭಿಪ್ರಾಯಕ್ಕೆ ಬಲ ನೀಡಿತು. ಪರ್ಷಿಯನ್ ಕೊಲ್ಲಿ ಪ್ರದೇಶದ ಮಾದರಿಯ ಒಂದು ಮುದ್ರೆಯೂ ಲೋಥಲ್‌ನಲ್ಲಿ ದೊರೆತಿದೆ. ಕಡಲ ವ್ಯಾಪಾರದ ಪ್ರಶ್ನೆ ರಾವ್ ಅವರನ್ನು ಹಿಡಿದದ್ದು ಇಲ್ಲಿಂದಲೇ ಎನ್ನಬಹುದು.

ನೆಲದಿಂದ ಕಡಲಿಗೆ

1979–80ರಲ್ಲಿ ದ್ವಾರಕಾಧೀಶ ದೇವಾಲಯದ ಮುಂಭಾಗದಲ್ಲಿದ್ದ ಈಚಿನ ಕಟ್ಟಡವೊಂದನ್ನು ತೆರವುಗೊಳಿಸಿದಾಗ ಹಳೆಯ ಶಿಲ್ಪಗಳು ಕಾಣಿಸಿಕೊಂಡವು. ರಾವ್ ಅಲ್ಲಿ ಅಗೆಸಿದಾಗ 9ನೆಯ ಶತಮಾನದ ವಿಷ್ಣು ದೇವಾಲಯವೂ ಅದರ ಕೆಳಗೆ ಇನ್ನೂ ಹಿಂದಿನ ನಿರ್ಮಾಣಗಳೂ ಹೊಳಪಿನ ಕೆಂಪು ಮಡಕೆಯ ಚೂರುಗಳೂ ದೊರೆತವು. ಹಳೆಯ ಊರು ಕಡಲಿನ ಹೊಡೆತಕ್ಕೆ ಸಿಲುಕಿದ್ದರೆ ಅದರ ಉಳಿದ ಭಾಗ ನೀರಿನ ಅಡಿಯಲ್ಲಿರಬೇಕು ಎಂಬ ತರ್ಕ ಅವರನ್ನು ತೀರದಿಂದ ಮುಂದಕ್ಕೆ ಕರೆದೊಯ್ದಿತು.

ಆದರೆ ನೀರಿನಡಿಯ ಉತ್ಖನನದ ಅನುಭವ ಆಗ ದೇಶದಲ್ಲಿ ಯಾರಿಗೂ ಇರಲಿಲ್ಲ. ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸಿದ ಉಸಿರಾಟದ ಉಪಕರಣದಿಂದ ಸ್ಕೂಬಾ ಮುಳುಗುಗಾರಿಕೆ ಸುಲಭವಾಗಿತ್ತು. 1960ರಲ್ಲಿ ಜಾರ್ಜ್ ಬಾಸ್ ಟರ್ಕಿಯ ಗೆಲಿಡೋನ್ಯ ಭೂಶಿರದ ಬಳಿ ಮುಳುಗಿದ ಹಡಗನ್ನು ನೆಲದ ಉತ್ಖನನದಷ್ಟೇ ಶಿಸ್ತಿನಿಂದ ಅಗೆದು ತೋರಿಸಿದ್ದರು. ಭಾರತದಲ್ಲಿ ಅಂತಹ ಪ್ರಯತ್ನ ನಡೆದಿರಲಿಲ್ಲ. ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಉದ್ಯೋಗಿಗಳು ವಾರಾಂತ್ಯದಲ್ಲಿ ಮುರ್ಡೇಶ್ವರಕ್ಕೆ ಬಂದು ನೇತ್ರಾಣಿ ದ್ವೀಪದ ಹವಳಗಳ ನಡುವೆ ಮುಳುಗುವುದು ಸಾಮಾನ್ಯ ಸಂಗತಿ. 1981ರಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಸರ್ಕಾರಿ ಸೇವೆಯಿಂದ ನಿವೃತ್ತರಾಗಿದ್ದ ರಾವ್ ಅವರ ಪ್ರಯತ್ನದ ಫಲವಾಗಿ ಆ ವರ್ಷ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ತ್ವ ಘಟಕ ಆರಂಭವಾಯಿತು. ಪುರಾತತ್ತ್ವಜ್ಞರಿಗೆ ಮುಳುಗುವುದನ್ನು, ಮುಳುಗುಗಾರರಿಗೆ ಪುರಾವೆಯನ್ನು ಗುರುತಿಸುವುದನ್ನು ಕಲಿಸಬೇಕಾಗಿದ್ದ ಘಟಕ ಅದು.

ದ್ವಾರಕೆ ಮತ್ತು ಬೇಟ್ ದ್ವಾರಕೆ

ಕಡಲಿನ ಅನ್ವೇಷಣೆ 1983ರಲ್ಲಿ ಆರಂಭವಾಗಿ ಮುಂದಿನ ದಶಕದ ಆರಂಭದವರೆಗೆ ಹಲವು ಹಂತಗಳಲ್ಲಿ ನಡೆಯಿತು. ಗೋಮತಿ ನದಿ ಅರಬ್ಬೀ ಸಮುದ್ರವನ್ನು ಸೇರುವ ಸ್ಥಳದಲ್ಲಿ, ಸಮುದ್ರನಾರಾಯಣ ದೇವಾಲಯದ ಎದುರಿನ ನೀರಿನಲ್ಲಿ ಮುಖ್ಯ ಕೆಲಸ ನಡೆಯಿತು. ಬೇಟ್ ದ್ವಾರಕೆ ಓಖಾ ಬಂದರಿನ ಬಳಿ, ಕಚ್ ಕೊಲ್ಲಿಯ ಬಾಯಿಯಲ್ಲಿರುವ ದ್ವೀಪ. ಶಂಖಗಳಿಗೆ ಹೆಸರಾದ ಇದಕ್ಕೆ ಶಂಖೋದ್ಧಾರ ಎಂಬ ಹೆಸರೂ ಇದೆ. ಹವಳದ ದಿಬ್ಬಗಳಿರುವ ಈ ಕೊಲ್ಲಿಯಲ್ಲಿ ಉಬ್ಬರವಿಳಿತದ ಅಂತರ ಹೆಚ್ಚು. ನೀರು ದಿನಕ್ಕೆ ಎರಡು ಬಾರಿ ಒಳನುಗ್ಗಿ ಎರಡು ಬಾರಿ ಹೊರಹರಿಯುವಾಗ ಬಲವಾದ ಸೆಳವು ಉಂಟಾಗುತ್ತದೆ. ಸೆಳವಿಗೆ ಎದುರಾಗಿ ಈಜುವ ಮುಳುಗುಗಾರನ ಗಾಳಿ ಬೇಗ ಮುಗಿಯುತ್ತದೆ, ಅಳತೆಯ ಹಗ್ಗಗಳು ಜಾಗ ಬಿಡುತ್ತವೆ. ಹೀಗಾಗಿ ಉಬ್ಬರ ಮತ್ತು ಇಳಿತಗಳ ನಡುವೆ ನೀರು ಸ್ವಲ್ಪ ಹೊತ್ತು ನಿಶ್ಚಲವಾಗುವ ಅವಧಿಯೇ ಇಂತಹ ಕೆಲಸಕ್ಕೆ ಅನುಕೂಲ. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತೆಯೇ ಇಲ್ಲ. ಚಳಿಗಾಲದ ಕೆಲವು ತಿಂಗಳುಗಳು ಮಾತ್ರ ಲಭ್ಯ. ತಳದ ಬಂಡೆ ಮತ್ತು ಕಲ್ಲುಗಳನ್ನು ದಟ್ಟವಾದ ಕಡಲಕಳೆ ಮುಚ್ಚಿರುವುದರಿಂದ ಮನುಷ್ಯ ಕಡಿದ ಕಲ್ಲು ಯಾವುದು, ಸಹಜವಾಗಿ ಒಡೆದದ್ದು ಯಾವುದು ಎಂದು ತಿಳಿಯಲು ಅದನ್ನು ಕೆರೆದು ನೋಡಬೇಕು.

ಆಳವಿಲ್ಲದ ಕಡಲಿನಲ್ಲಿ, ಹೆಚ್ಚಿನವು ಹತ್ತು ಮೀಟರಿನೊಳಗೆ, ಕಡಿದ ಕಲ್ಲಿನ ಗೋಡೆಗಳು, ಅರೆವೃತ್ತಾಕಾರದ ಕಟ್ಟೆಗಳ ಭಾಗಗಳು ಮತ್ತು ಹಲವು ಕಲ್ಲಿನ ಲಂಗರುಗಳು ದೊರೆತವು. ಮೂರು ರಂಧ್ರಗಳ ತ್ರಿಕೋನಾಕಾರದ ಲಂಗರುಗಳನ್ನು ರಾವ್ ಸೈಪ್ರಸ್ ಮತ್ತು ಸಿರಿಯಾ ಕರಾವಳಿಯ ಕಂಚಿನ ಯುಗದ ಲಂಗರುಗಳೊಂದಿಗೆ ಹೋಲಿಸಿದರು. ಬೇಟ್ ದ್ವಾರಕೆಯಲ್ಲಿ ಬರಹವಿರುವ ಜಾಡಿಯೊಂದು ಹಾಗೂ ಮೂರು ತಲೆಯ ಪ್ರಾಣಿಯ ಚಿತ್ರವಿರುವ ಶಂಖದ ಮುದ್ರೆಯೊಂದು ಸಿಕ್ಕಿತು. ದ್ವಾರಕೆಯ ನಿವಾಸಿಗಳು ಗುರುತಿಗಾಗಿ ಮುದ್ರೆ ಹೊಂದಿರಬೇಕೆಂಬ ಹರಿವಂಶದ ಉಲ್ಲೇಖಕ್ಕೆ ರಾವ್ ಇದನ್ನು ಜೋಡಿಸಿದರು. ಮಡಕೆಯ ಕಾಲನಿರ್ಣಯದ ಆಧಾರದ ಮೇಲೆ ಈ ನೆಲೆ ಕ್ರಿ.ಪೂ. 15ನೆಯ ಶತಮಾನದ್ದು, ಮಹಾಭಾರತದ ದ್ವಾರಕೆ ಇದೇ ಎಂಬುದು ಅವರ ನಿಲುವು.

ವಿಮರ್ಶೆ

ಈ ನಿಲುವನ್ನು ಎಲ್ಲರೂ ಒಪ್ಪಿಲ್ಲ. ಅದೇ ಸಂಸ್ಥೆಯಲ್ಲಿ ನಂತರ ಕೆಲಸ ಮಾಡಿದ ಎ. ಎಸ್. ಗೌರ್, ಸುಂದರೇಶ್ ಮೊದಲಾದವರು ದ್ವಾರಕೆಯ ಕಡಲಿನ ಕಲ್ಲಿನ ನಿರ್ಮಾಣಗಳು ಬಹುಪಾಲು ಐತಿಹಾಸಿಕ ಅಥವಾ ಮಧ್ಯಯುಗದ ಬಂದರಿಗೆ ಸೇರಿದವು ಎಂದು ಅಭಿಪ್ರಾಯಪಟ್ಟಿದ್ದಾರೆ. ಲಂಗರು ಕಲ್ಲುಗಳ ಆಕಾರ ಶತಮಾನಗಳ ಕಾಲ ಬದಲಾಗದೆ ಉಳಿಯುವುದರಿಂದ ಆಕಾರವೊಂದರಿಂದಲೇ ಕಾಲ ಹೇಳುವುದು ಕಷ್ಟ. ಅಲ್ಲದೆ ಸೆಳವು ಮತ್ತು ಅಲೆಗಳು ಚಿಕ್ಕ ವಸ್ತುಗಳನ್ನು ಸ್ಥಳಾಂತರಿಸುತ್ತವೆ. ಗೋಡೆಯ ಪಕ್ಕದಲ್ಲಿ ದೊರೆತ ಮಡಕೆ ಆ ಗೋಡೆಯ ಕಾಲದ್ದೇ ಎನ್ನಲು ನೆಲದಲ್ಲಿರುವಂತೆ ಪದರಗಳ ಸಾಕ್ಷ್ಯ ಇಲ್ಲಿ ಸಿಗುವುದಿಲ್ಲ. ಬೇಟ್ ದ್ವಾರಕೆಯ ತೀರದಲ್ಲಿ ಹರಪ್ಪಾ ಸಂಸ್ಕೃತಿಯ ಕೊನೆಯ ಹಂತದ ವಸತಿ ಇದ್ದುದರ ಬಗ್ಗೆ ಮಾತ್ರ ವಿವಾದ ಕಡಿಮೆ. 2001ರಲ್ಲಿ ಸುದ್ದಿಯಾದ ಖಂಭಾತ್ ಕೊಲ್ಲಿಯ ಮುಳುಗಿದ ನಗರದ ಪ್ರತಿಪಾದನೆ ಬೇರೊಂದು ಸಂಸ್ಥೆಯದು. ಅದನ್ನು ರಾವ್ ಅವರ ಶೋಧದೊಂದಿಗೆ ಬೆರೆಸುವುದು ಸರಿಯಲ್ಲ.

ಸಿಂಧೂ ಲಿಪಿಯನ್ನು ಓದಿದ್ದಾಗಿ 1982ರ ಗ್ರಂಥದಲ್ಲಿ ರಾವ್ ಪ್ರತಿಪಾದಿಸಿದರು. ವಿದ್ವಾಂಸರ ವಲಯದಲ್ಲಿ ಅದಕ್ಕೆ ಮನ್ನಣೆ ದೊರೆಯಲಿಲ್ಲ.

ಇತರ ಕಾರ್ಯಗಳು

ತಮಿಳುನಾಡಿನ ಪೂಂಪುಹಾರ್ ಕಡಲಿನಲ್ಲಿಯೂ ರಾವ್ ಅವರ ನೇತೃತ್ವದಲ್ಲಿ ಅನ್ವೇಷಣೆ ನಡೆದು, ಸುಮಾರು 23 ಮೀಟರ್ ಆಳದಲ್ಲಿ ಕುದುರೆಲಾಳದ ಆಕಾರದ ರಚನೆಯೊಂದು 1990ರ ದಶಕದ ಆರಂಭದಲ್ಲಿ ಪತ್ತೆಯಾಯಿತು. ಅದು ಮಾನವ ನಿರ್ಮಿತವೇ ಎಂಬುದು ಇತ್ಯರ್ಥವಾಗಿಲ್ಲ. 1987ರಲ್ಲಿ ಜಾಮ್‌ನಗರದಲ್ಲಿ ಹಿಂದೂ ಮಹಾಸಾಗರದ ದೇಶಗಳ ಸಾಗರ ಪುರಾತತ್ತ್ವ ಸಮ್ಮೇಳನ ನಡೆಯಿತು. ಅದರ ಪ್ರಬಂಧಗಳನ್ನು ರಾವ್ ಸಂಪಾದಿಸಿದರು. ದ್ವಾರಕೆಯ ಅವಶೇಷಗಳನ್ನು ಇದ್ದಲ್ಲಿಯೇ ತೋರಿಸುವ ನೀರಿನಡಿಯ ವಸ್ತುಸಂಗ್ರಹಾಲಯದ ಯೋಜನೆಯನ್ನೂ ಅವರು ಮುಂದಿಟ್ಟಿದ್ದರು. ಜವಾಹರಲಾಲ್ ನೆಹರೂ ಫೆಲೋಶಿಪ್, ವರ್ಲ್ಡ್ ಶಿಪ್ ಟ್ರಸ್ಟ್ ಪ್ರಶಸ್ತಿ ಮತ್ತು ಮೈಸೂರು ವಿಶ್ವವಿದ್ಯಾನಿಲಯದ ಡಿ.ಲಿಟ್. ಇವರಿಗೆ ಸಂದಿವೆ.

ನಿಧನ

ರಾವ್ ಅವರು 2013ರ ಜನವರಿ 3ರಂದು ಬೆಂಗಳೂರಿನಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಕಟ್ಟಿದ ಘಟಕದ ಮುಳುಗುಗಾರರು ಮುಂದೆ ಗೋವಾದ ಸುಂಚಿ ದಿಬ್ಬದಲ್ಲಿ ಹಾಗೂ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಒಡೆದು ಮುಳುಗಿದ ಹಡಗುಗಳನ್ನು ಅಧ್ಯಯನ ಮಾಡಿದರು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ತನ್ನದೇ ಆದ ನೀರಿನಡಿಯ ವಿಭಾಗವನ್ನು 2001ರಲ್ಲಿ ಆರಂಭಿಸಿ, ದ್ವಾರಕೆಯಲ್ಲಿ ಮತ್ತೆ ಉತ್ಖನನ ನಡೆಸಿದೆ.